ನಮ್ಮ ಬಿಸಿಲಿಗೆ ಎಂಥ ಕಾರ್ ಫ್ರಿಜ್ ಬೇಕು?

ಮೇ ತಿಂಗಳಲ್ಲಿ ವಿಜಯಪುರ, ಬಾಗಲಕೋಟೆ ಕಡೆ ಮಧ್ಯಾಹ್ನ 40 ಡಿಗ್ರಿ ದಾಟುವುದು ಹೊಸದಲ್ಲ. ಅಂಥ ಹೊತ್ತಿನಲ್ಲಿ ಗಾಜು ಏರಿಸಿ ಬಿಸಿಲಿಗೆ ನಿಲ್ಲಿಸಿದ ಗಾಡಿಯ ಒಳಗೆ ತಾಸಿನಲ್ಲಿ 60 ಡಿಗ್ರಿ ಆಗುತ್ತದೆ. ಸ್ಟೀರಿಂಗ್ ಮುಟ್ಟೋಕೂ ಆಗುವುದಿಲ್ಲ. ಟೆಂಟ್ ಹಾಕಿ ಒಂದೆರಡು ರಾತ್ರಿ ಉಳಿದು ಬರಲು ಹೊರಟವರು ಕಾರಿನಲ್ಲಿಡುವ ಫ್ರಿಜ್ ದುಡಿಯಬೇಕಾದದ್ದು ಇಂಥ ಜಾಗದಲ್ಲಿ. ಆದರೆ ಕೊಳ್ಳುವಾಗ ನಮ್ಮ ಜನ ಮೊದಲು ಕೇಳುವ ಪ್ರಶ್ನೆ "ಎಷ್ಟು ಲೀಟರ್?" ಅಂತ. ಲೀಟರ್ ಲೆಕ್ಕ ಕೊನೆಗೆ ಬಂದರೆ ಸಾಕು. ಅದು ಹೇಗೆ ತಂಪು ಮಾಡುತ್ತದೆ, ಅದಕ್ಕೆ ಕರೆಂಟ್ ಎಲ್ಲಿಂದ ಬರುತ್ತದೆ, ಯಾವ ವೈರಿನಲ್ಲಿ ಬರುತ್ತದೆ ಎನ್ನುವುದು ಮೊದಲು ಗೊತ್ತಾಗಬೇಕು. ಇವು ಸರಿಯಿಲ್ಲದಿದ್ದರೆ ಲಕ್ಷ ರೂಪಾಯಿಯ ಫ್ರಿಜ್ಜಿನಲ್ಲೂ ಹಾಲು ಒಡೆಯುತ್ತದೆ.

ಆನ್‌ಲೈನ್‌ನಲ್ಲಿ ಐದಾರು ಸಾವಿರಕ್ಕೆ ಸಿಗುವ "ಕಾರ್ ಫ್ರಿಜ್"ಗಳಲ್ಲಿ ಬಹಳಷ್ಟು ಪೆಲ್ಟಿಯರ್ ಜಾತಿಯವು. ಅದರೊಳಗೆ ಕಂಪ್ರೆಸರ್ ಇಲ್ಲ, ಗ್ಯಾಸ್ ಇಲ್ಲ. ಒಂದು ಚಿಕ್ಕ ಪ್ಲೇಟಿಗೆ ಕರೆಂಟ್ ಕೊಟ್ಟರೆ ಅದರ ಒಂದು ಮಗ್ಗಲು ತಣ್ಣಗಾಗುತ್ತದೆ, ಇನ್ನೊಂದು ಮಗ್ಗಲು ಬಿಸಿಯಾಗುತ್ತದೆ. ಫ್ಯಾನ್ ಆ ಬಿಸಿಯನ್ನು ಹೊರಗೆ ಊದುತ್ತದೆ. ಇದರ ಮಿತಿ ಏನೆಂದರೆ, ಸುತ್ತಲಿನ ಗಾಳಿಗಿಂತ 15ರಿಂದ 20 ಡಿಗ್ರಿ ಕಡಿಮೆ ಮಾಡಬಲ್ಲದು, ಅಷ್ಟೇ. ಡಿಸೆಂಬರ್ ಸಂಜೆ ಬೆಳಗಾವಿಯಲ್ಲಿ 22 ಡಿಗ್ರಿ ಇದ್ದಾಗ ಅದು ಚೆನ್ನಾಗಿಯೇ ತಂಪು ಮಾಡುತ್ತದೆ. ಅದೇ ಪೆಟ್ಟಿಗೆ ಬಾಗಲಕೋಟೆಯ 42 ಡಿಗ್ರಿಯಲ್ಲಿ ಒಳಗೆ 24 ಡಿಗ್ರಿ ಇಟ್ಟುಕೊಂಡರೆ ಹೆಚ್ಚು. 24 ಡಿಗ್ರಿಯಲ್ಲಿ ಹಾಲು ಎಷ್ಟು ಹೊತ್ತು ಉಳಿಯುತ್ತದೆ ಅಂತ ಯಾರಿಗೂ ಹೇಳಿಕೊಡಬೇಕಾಗಿಲ್ಲ, ಅಲ್ವಾ? ಇನ್ನೂ ಒಂದು ತೊಂದರೆ ಇದೆ. ಕೇಳಿದಷ್ಟು ತಂಪು ಅದಕ್ಕೆ ಯಾವತ್ತೂ ಸಿಗದ ಕಾರಣ ಅದು ನಿಲ್ಲುವುದೇ ಇಲ್ಲ. 50 ವ್ಯಾಟ್‌ನಂತೆ 24 ತಾಸೂ ಎಳೆಯುತ್ತಲೇ ಇರುತ್ತದೆ. ದಿನಕ್ಕೆ 1,200 ವ್ಯಾಟ್-ಅವರ್ (ವ್ಯಾಟನ್ನು ಓಡಿದ ತಾಸಿನಿಂದ ಗುಣಿಸಿದ ಲೆಕ್ಕ) ಹೋಗುತ್ತದೆ, ತಂಪು ಮಾತ್ರ ಬರುವುದಿಲ್ಲ. ಗುರುತಿಸುವುದು ಸುಲಭ. ಬಿಸಿ-ತಂಪು ಎರಡಕ್ಕೂ ಒಂದೇ ಸ್ವಿಚ್ ಇರುತ್ತದೆ, ಎತ್ತಿದರೆ ಹಗುರ ಇರುತ್ತದೆ, ಮೈನಸ್ ಡಿಗ್ರಿಯ ಮಾತು ಎಲ್ಲೂ ಇರುವುದಿಲ್ಲ. ನಮ್ಮ ಕಡೆಯ ಬೇಸಿಗೆ ಪ್ರವಾಸಕ್ಕೆ ಇದನ್ನು ಕೊಳ್ಳಬೇಡಿ ಎಂದು ನಾನು ನೇರವಾಗಿಯೇ ಹೇಳುತ್ತೇನೆ.

ಗ್ಯಾಸ್ ಉರಿಯಲ್ಲೂ ನಡೆಯುವ ಅಬ್ಸಾರ್ಪ್ಷನ್ ಫ್ರಿಜ್ ಎನ್ನುವುದು ಒಂದಿದೆ. ಅದನ್ನು ಮಟ್ಟವಾದ ನೆಲದ ಮೇಲೆ ಇಡಲೇಬೇಕು. ಓಡುವ ಗಾಡಿಯಲ್ಲಿ ಉರಿ ಹಚ್ಚುವ ಹಾಗಿಲ್ಲ. ಫೋರ್‌ವೀಲ್ ಡ್ರೈವ್ ಗಾಡಿಗೆ ಅದು ಹೊಂದುವುದಿಲ್ಲ.

ಉಳಿದದ್ದು ಕಂಪ್ರೆಸರ್ ಫ್ರಿಜ್. ಮನೆಯ ಫ್ರಿಜ್ಜಿನ ಕೆಲಸವನ್ನೇ ಇದು 12 ವೋಲ್ಟಿನಲ್ಲಿ ಮಾಡುತ್ತದೆ. ಬೇಕಾದರೆ ಮೈನಸ್ 18 ಡಿಗ್ರಿಗೂ ಇಳಿಯುತ್ತದೆ. ಸಾಕಷ್ಟು ತಂಪಾದ ಮೇಲೆ ತಾನೇ ನಿಲ್ಲುತ್ತದೆ. ಗಾಡಿ ಏರಿನಲ್ಲಿ ವಾಲಿದರೂ, ಸುಮಾರು 30 ಡಿಗ್ರಿವರೆಗೆ ತಡೆದುಕೊಳ್ಳುವಂತೆ ಒಳ್ಳೆಯ ಮಾದರಿಗಳನ್ನು ಮಾಡಿರುತ್ತಾರೆ. ಹಿಂದೆ ಡಾನ್‌ಫಾಸ್ ಎಂಬ ಹೆಸರಿನಲ್ಲಿ ಬರುತ್ತಿದ್ದ, ಈಗ ಸೆಕಾಪ್ ಎಂಬ ಹೆಸರಿನಲ್ಲಿ ಬರುವ ಕಂಪ್ರೆಸರ್‌ಗಳಿಗೆ ಒಳ್ಳೆಯ ಹೆಸರಿದೆ. ಡೊಮೆಟಿಕ್, ಎಆರ್‌ಬಿ, ಏಂಗಲ್ ಇವು ದುಬಾರಿ ಬ್ರ್ಯಾಂಡ್‌ಗಳು. ಆಲ್ಪಿಕೂಲ್‌ನಂಥ ಚೀನಾದ ಬ್ರ್ಯಾಂಡ್‌ಗಳು ಅದರ ಅರ್ಧಕ್ಕಿಂತ ಕಡಿಮೆ ಬೆಲೆಗೆ ಸಿಗುತ್ತವೆ. ಬೆಲೆಯ ವ್ಯತ್ಯಾಸ ಕಂಪ್ರೆಸರ್‌ಗಿಂತ ಜಾಸ್ತಿ ಕಾಣುವುದು ಗೋಡೆಯಲ್ಲಿ. ಗೋಡೆಯೊಳಗಿನ ಫೋಮ್ ಎಷ್ಟು ದಪ್ಪ, ಮುಚ್ಚಳದ ರಬ್ಬರ್ ಎಷ್ಟು ಬಿಗಿ ಎನ್ನುವುದೇ ನಮ್ಮ ಬಿಸಿಲಲ್ಲಿ ಮುಖ್ಯ. ಅಂಗಡಿಯಲ್ಲಿ ನೋಡಿ ಕೊಳ್ಳುವುದಾದರೆ ಒಂದು ಹಾಳೆಯನ್ನು ಮುಚ್ಚಳದ ಸಂದಿನಲ್ಲಿಟ್ಟು ಮುಚ್ಚಿ ಎಳೆಯಿರಿ. ಸುತ್ತಲೂ ನಾಲ್ಕಾರು ಕಡೆ ಹೀಗೆ ಮಾಡಿ. ಹಾಳೆ ಸರಾಗವಾಗಿ ಜಾರಿ ಬಂದ ಕಡೆ ಬಿಸಿಗಾಳಿಯೂ ಹಾಗೆಯೇ ಒಳಗೆ ಹೋಗುತ್ತದೆ.

ಹಿಂಬದಿಯ ಲೇಬಲ್ ಮೇಲೆ "ಕ್ಲೈಮೇಟ್ ಕ್ಲಾಸ್" ಎಂದು ಬರೆದಿರುತ್ತದೆ. ಇದನ್ನು ಯಾರೂ ಓದುವುದಿಲ್ಲ. ಎನ್ ಎಂದಿದ್ದರೆ ಆ ಫ್ರಿಜ್ಜನ್ನು 32 ಡಿಗ್ರಿವರೆಗಿನ ಹವೆಗೆ ಮಾಡಿದ್ದಾರೆ. ಎಸ್‌ಟಿ ಇದ್ದರೆ 38ರವರೆಗೆ, ಟಿ ಇದ್ದರೆ 43ರವರೆಗೆ. ನಮಗೆ ಬೇಕಾದದ್ದು ಟಿ. ಆದರೆ ಟಿ ಕೂಡ 60 ಡಿಗ್ರಿಯ ಗಾಡಿಗೆ ಮಾಡಿದ್ದಲ್ಲ. ಬೇವಿನ ಮರದ ನೆರಳು, ಒಂದೆರಡು ಬೆರಳು ಇಳಿಸಿದ ಗಾಜು, ಮುಂದಿನ ಗಾಜಿಗೆ ಪರದೆ, ಇಷ್ಟು ಮಾಡಿದರೆ ಎಂಥ ದುಬಾರಿ ಫ್ರಿಜ್ಜಿಗೂ ಅರ್ಧ ಕೆಲಸ ಕಡಿಮೆ.

ಇನ್ನು ಕರೆಂಟಿನ ಲೆಕ್ಕ. 40 ಲೀಟರಿನ ಕಂಪ್ರೆಸರ್ ಫ್ರಿಜ್ ಓಡುವಾಗ ಸುಮಾರು 50 ವ್ಯಾಟ್ ಎಳೆಯುತ್ತದೆ ಅಂತಿಟ್ಟುಕೊಳ್ಳಿ. ತಂಪು ರಾತ್ರಿಯಲ್ಲಿ ಅದು ತಾಸಿಗೆ 20 ನಿಮಿಷ ಓಡಿದರೆ ಸಾಕಾಗಬಹುದು. ಬಿರುಬಿಸಿಲಿನ ಮಧ್ಯಾಹ್ನ 40 ನಿಮಿಷ, ಕೆಲವೊಮ್ಮೆ ಅದಕ್ಕೂ ಜಾಸ್ತಿ ಬೇಕು. ಬೇಸಿಗೆಯ ಒಂದು ಪೂರ್ತಿ ದಿನಕ್ಕೆ ಅರ್ಧ ಹೊತ್ತು ಓಡುತ್ತದೆ ಎಂದು ಹಿಡಿದರೆ 600 ವ್ಯಾಟ್-ಅವರ್. ಬ್ಯಾಟರಿಯ ಅಳತೆ ಆಂಪಿಯರ್-ಅವರ್‌ನಲ್ಲಿ ಇರುತ್ತದೆ; 600ನ್ನು 12 ವೋಲ್ಟಿನಿಂದ ಭಾಗಿಸಿದರೆ ಅದು 50 ಆಂಪಿಯರ್-ಅವರ್. ಈ 50 ಎನ್ನುವ ಅಂಕಿಯನ್ನು ನೆನಪಿಡಿ, ಮುಂದಿನ ಎಲ್ಲ ಲೆಕ್ಕಕ್ಕೂ ಬೇಕಾಗುತ್ತದೆ.

ಡೀಸೆಲ್ ಗಾಡಿಯ ಬ್ಯಾಟರಿ 70 ಆಂಪಿಯರ್-ಅವರ್‌ನದು ಎನ್ನೋಣ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ತೆಗೆದರೆ ಬೆಳಿಗ್ಗೆ ಎಂಜಿನ್ ಶುರುವಾಗುವ ಖಾತ್ರಿ ಇಲ್ಲ, ಬ್ಯಾಟರಿಯ ಆಯಸ್ಸೂ ಇಳಿಯುತ್ತದೆ. ಅಂದರೆ ಕೈಯಲ್ಲಿರುವುದು 35. ರಾತ್ರಿ 10 ತಾಸಿಗೆ 15ರಿಂದ 20 ಖರ್ಚಾಗುತ್ತದೆ. ಒಳ್ಳೆಯ ಬ್ಯಾಟರಿಯಾದರೆ ಒಂದು ರಾತ್ರಿ ನಡೆಯುತ್ತದೆ. ಗಾಡಿ ಓಡಿಸದೆ ಮಾರನೇ ದಿನವೂ ಅಲ್ಲೇ ಇದ್ದರೆ ನಡೆಯುವುದಿಲ್ಲ. ಇದಕ್ಕಾಗಿಯೇ ಫ್ರಿಜ್ಜಿನಲ್ಲಿ ಬ್ಯಾಟರಿ ರಕ್ಷಣೆಯ ಮೂರು ಹಂತ ಇರುತ್ತವೆ: ಹೈ, ಮೀಡಿಯಂ, ಲೋ. ಗಾಡಿಯ ಮುಖ್ಯ ಬ್ಯಾಟರಿಗೆ ಜೋಡಿಸಿದಾಗ ಹೈ ಇಡಬೇಕು. ಆಗ ವೋಲ್ಟೇಜ್ ಸ್ವಲ್ಪ ಇಳಿದ ಕೂಡಲೇ ಫ್ರಿಜ್ ನಿಲ್ಲುತ್ತದೆ, ಎಂಜಿನ್ನಿಗೆ ಕರೆಂಟ್ ಉಳಿಯುತ್ತದೆ. ಬೇರೆ ಬ್ಯಾಟರಿ ಇದ್ದರೆ ಲೋ ಇಟ್ಟರೂ ಪರವಾಗಿಲ್ಲ.

ಈಗ ವೈರಿನ ಮಾತು. ಜನ ಫ್ರಿಜ್ಜನ್ನು ಬೈಯುವ ಎಷ್ಟೋ ಪ್ರಸಂಗಗಳಲ್ಲಿ ತಪ್ಪು ವೈರಿನದು. ದಾರಿಯಲ್ಲಿ ಚೆನ್ನಾಗಿ ನಡೆಯುತ್ತದೆ. ಗಾಡಿ ನಿಲ್ಲಿಸಿದ ಸ್ವಲ್ಪ ಹೊತ್ತಿಗೆ ಲೋ ವೋಲ್ಟೇಜ್ ಎಂದು ತೋರಿಸಿ ನಿಂತುಬಿಡುತ್ತದೆ. ಬ್ಯಾಟರಿ ನೋಡಿದರೆ ಸರಿಯಾಗಿಯೇ ಇದೆ. ಹಾಗಾದರೆ ಏನಾಯಿತು? ಬಾನೆಟ್ಟಿನಿಂದ ಡಿಕ್ಕಿಗೆ ಸುಮಾರು 4 ಮೀಟರ್. ಕರೆಂಟ್ ಹೋಗಿ ಬರಬೇಕು, ಆದ್ದರಿಂದ 8 ಮೀಟರ್. 0.75 ಚದರ ಮಿಲಿಮೀಟರಿನ ತೆಳು ವೈರಿನಲ್ಲಿ 5 ಆಂಪಿಯರ್ ಹರಿದರೆ ದಾರಿಯಲ್ಲೇ ಹತ್ತಿರ ಹತ್ತಿರ 1 ವೋಲ್ಟ್ ಹೋಗುತ್ತದೆ. ಡ್ರಿಪ್ ಪೈಪು ಉದ್ದವಾಗಿ ಸಣ್ಣದಾದರೆ ಕೊನೆಯ ಸಾಲಿನ ಗಿಡಕ್ಕೆ ನೀರಿನ ಒತ್ತಡ ಸಿಗುವುದಿಲ್ಲವಲ್ಲ, ಹಾಗೆ. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ 14 ವೋಲ್ಟ್ ಇರುತ್ತದೆ, 1 ಹೋದರೂ ಫ್ರಿಜ್ಜಿಗೆ 13 ಮುಟ್ಟುತ್ತದೆ. ಎಂಜಿನ್ ನಿಂತ ಮೇಲೆ ಬ್ಯಾಟರಿಯಲ್ಲೇ 12.3 ಇದ್ದರೆ ಫ್ರಿಜ್ಜಿಗೆ ಮುಟ್ಟುವುದು 11.4. ಬ್ಯಾಟರಿ ಖಾಲಿಯಾಯಿತು ಅಂತ ಅದು ತಿಳಿದುಕೊಳ್ಳುತ್ತದೆ. 6 ಚದರ ಮಿಲಿಮೀಟರಿನ ತಾಮ್ರದ ವೈರ್ ಎಳೆದರೆ ಇದೇ ನಷ್ಟ 0.1 ವೋಲ್ಟಿಗೆ ಇಳಿಯುತ್ತದೆ. ಕೆಲವು ನೂರು ರೂಪಾಯಿಯ ಮಲ್ಟಿಮೀಟರ್ ಒಂದಿದ್ದರೆ ನೀವೇ ನೋಡಬಹುದು. ಕಂಪ್ರೆಸರ್ ಓಡುತ್ತಿರುವಾಗ ಬ್ಯಾಟರಿಯ ಹತ್ತಿರ ಒಮ್ಮೆ, ಫ್ರಿಜ್ಜಿನ ಪಿನ್ನಿನ ಹತ್ತಿರ ಒಮ್ಮೆ ಅಳೆಯಿರಿ. ಅಂತರ ಅರ್ಧ ವೋಲ್ಟಿಗಿಂತ ಜಾಸ್ತಿ ಇದ್ದರೆ ವೈರ್ ಬದಲಿಸಿ.

ಸಿಗರೇಟ್ ಲೈಟರಿನ ಸಾಕೆಟ್ಟನ್ನು ನಂಬಬೇಡಿ. ಅನೇಕ ಗಾಡಿಗಳಲ್ಲಿ ಕೀ ತೆಗೆದ ಕೂಡಲೇ ಅದರ ಕರೆಂಟೂ ಹೋಗುತ್ತದೆ. ತಗ್ಗು-ದಿಣ್ಣೆಯ ದಾರಿಯಲ್ಲಿ ಪಿನ್ ಸಡಿಲಾಗುತ್ತದೆ, ಸಡಿಲಾದ ಪಿನ್ ಬಿಸಿಯಾಗುತ್ತದೆ. ಬ್ಯಾಟರಿಯಿಂದ ನೇರ ವೈರ್ ಎಳೆಸಿ, ಪ್ಲಸ್ ತುದಿಗೆ ತೀರ ಹತ್ತಿರ 15 ಆಂಪಿಯರಿನ ಫ್ಯೂಸ್ ಹಾಕಿಸಿ. ಫ್ಯೂಸ್ ಡಿಕ್ಕಿಯ ಕಡೆ ಹಾಕಿದರೆ ಪ್ರಯೋಜನವಿಲ್ಲ. ನಡುವೆ ಎಲ್ಲೋ ವೈರ್ ತರಚಿ ಬಾಡಿಗೆ ತಾಗಿದರೆ ಬೆಂಕಿ ಹತ್ತುವುದು ಅಲ್ಲಿಂದಲೇ. ಗಾಡಿಗೆ ವಾರಂಟಿ ಇದ್ದರೆ, ಅದರ ಮೂಲ ವೈರಿಂಗ್ ಕತ್ತರಿಸದೆ ಕೆಲಸ ಮಾಡಿಸಿ.

ಎರಡು-ಮೂರು ರಾತ್ರಿ ಇರುವವರಿಗೆ ಇನ್ನೊಂದು ಬ್ಯಾಟರಿ ಬೇಕೇಬೇಕು. 100 ಆಂಪಿಯರ್-ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ 80-90ರಷ್ಟನ್ನು ಧೈರ್ಯವಾಗಿ ಬಳಸಬಹುದು. ಓಡುವಾಗ ಗಾಡಿಯ ಕರೆಂಟಿನಿಂದಲೇ ಅದನ್ನು ತುಂಬುವ ಡಿಸಿ-ಡಿಸಿ ಚಾರ್ಜರ್ ಹಾಕಿಸಬೇಕು. ಇಲ್ಲಿ ಒಂದು ವಿಚಿತ್ರ ಇದೆ. ಕ್ಯಾಂಪ್ ಹತ್ತಿರ ಇದ್ದಷ್ಟೂ ಕರೆಂಟಿನ ಕಷ್ಟ ಜಾಸ್ತಿ. ಬೆಳಗಾವಿಯಿಂದ ಬಾದಾಮಿ ಕಡೆ ಹೊರಟರೆ ಮೂರು ತಾಸಿಗೂ ಜಾಸ್ತಿ ಗಾಡಿ ಓಡುತ್ತದೆ. 20 ಆಂಪಿಯರಿನ ಚಾರ್ಜರ್ ಅಷ್ಟರಲ್ಲಿ 60 ಆಂಪಿಯರ್-ಅವರ್ ತುಂಬುತ್ತದೆ. ಒಂದು ದಿನದ 50 ಅದರಲ್ಲೇ ಬಂತು. ಬಾಗಲಕೋಟೆಯಿಂದ ಬಾದಾಮಿಗೆ ಒಂದು ತಾಸೂ ಪೂರ್ತಿ ಬೇಡ. ಅಷ್ಟರಲ್ಲಿ ತುಂಬುವುದು 15-18. ಹಾಗಾಗಿ ಬಾಗಲಕೋಟೆಯವರು ಮನೆಯಿಂದಲೇ ಬ್ಯಾಟರಿ ಪೂರ್ತಿ ತುಂಬಿಸಿಕೊಂಡು ಹೊರಡಬೇಕು, ಇಲ್ಲವೆ ಸೋಲಾರ್ ಒಯ್ಯಬೇಕು.

ಸೋಲಾರ್ ವಿಷಯದಲ್ಲಿ ನಮ್ಮ ಜಿಲ್ಲೆಗಳು ಪುಣ್ಯವಂತ ಜಿಲ್ಲೆಗಳು. 100 ವ್ಯಾಟಿನ ಪ್ಯಾನೆಲ್ ಮೋಡವಿಲ್ಲದ ದಿನ 400 ವ್ಯಾಟ್-ಅವರ್‌ನಷ್ಟು ಕೊಡುತ್ತದೆ, ಅಂದರೆ ಫ್ರಿಜ್ಜಿಗೆ ಬೇಕಾದುದರಲ್ಲಿ ಮೂರರಲ್ಲಿ ಎರಡು ಪಾಲು. ಟಾಪಿನ ಮೇಲೆ ಬಿಗಿದ ಪ್ಯಾನೆಲ್‌ಗಿಂತ ಮಡಚುವ ಪ್ಯಾನೆಲ್ ಒಳ್ಳೆಯದು ಎಂದು ನನ್ನ ಅನಿಸಿಕೆ. ಗಾಡಿ ನೆರಳಿನಲ್ಲಿರಬೇಕು, ಪ್ಯಾನೆಲ್ ಬಿಸಿಲಲ್ಲಿರಬೇಕು. ಟಾಪಿನ ಮೇಲಿದ್ದರೆ ಎರಡೂ ಒಟ್ಟಿಗೆ ಆಗುವುದಿಲ್ಲ.

ವೈರಿಂಗ್ ಗೋಜೇ ಬೇಡ ಎನ್ನುವವರು ಬ್ಯಾಟರಿ, ಇನ್ವರ್ಟರ್, ಸಾಕೆಟ್ ಎಲ್ಲ ಒಂದರಲ್ಲೇ ಇರುವ ಪವರ್ ಸ್ಟೇಷನ್ ಪೆಟ್ಟಿಗೆ ಕೊಳ್ಳುತ್ತಾರೆ. ಸುಲಭವೇನೋ ಹೌದು. ಆದರೆ ಅದರ ಪುಸ್ತಕದಲ್ಲಿ ಚಾರ್ಜಿಂಗ್ ತಾಪಮಾನ ಎಷ್ಟು ಅಂತ ನೋಡಿ. ಬಹಳಷ್ಟು ಪೆಟ್ಟಿಗೆಗಳು 40 ಅಥವಾ 45 ಡಿಗ್ರಿ ದಾಟಿದರೆ ಚಾರ್ಜ್ ತೆಗೆದುಕೊಳ್ಳುವುದನ್ನು ನಿಲ್ಲಿಸುತ್ತವೆ. ಬಿಸಿಲಿಗೆ ನಿಂತ ಗಾಡಿಯಲ್ಲಿ ಇಟ್ಟರೆ ಸರಿಯಾಗಿ ಬೇಕಾದ ಹೊತ್ತಿಗೇ ಕೈಕೊಡುತ್ತವೆ. ಇನ್ನೊಂದು ಮಾತು: ಫ್ರಿಜ್ಜನ್ನು ಅದರ 230 ವೋಲ್ಟಿನ ಪ್ಲಗ್ಗಿಗೆ ಹಾಕಬೇಡಿ, 12 ವೋಲ್ಟಿನ ಸಾಕೆಟ್ಟಿಗೆ ಹಾಕಿ. ಇನ್ವರ್ಟರ್ ತಾನೇ ಒಂದಿಷ್ಟು ಕರೆಂಟ್ ತಿನ್ನುತ್ತದೆ.

ಈಗ ಲೀಟರಿಗೆ ಬರೋಣ. ನಾಲ್ಕು ಜನಕ್ಕೆ 60-70 ಲೀಟರ್ ಬೇಕು ಎಂದು ಹೇಳುವವರಿದ್ದಾರೆ. ನಮ್ಮ ಬುತ್ತಿ ಗಂಟನ್ನು ಒಮ್ಮೆ ಬಿಚ್ಚಿ ನೋಡಿ. ಖಡಕ್ ಜೋಳದ ರೊಟ್ಟಿ, ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಮೀನಗಡದ ಕರದಂಟು, ಉಳ್ಳಾಗಡ್ಡಿ, ಉಪ್ಪಿನಕಾಯಿ. ಇದರಲ್ಲಿ ಫ್ರಿಜ್ ಕೇಳುವುದು ಒಂದೂ ಇಲ್ಲ. ಬಸ್ಸು, ರೈಲು ಬರುವ ಮೊದಲು ಚಕ್ಕಡಿಯಲ್ಲಿ ಯಲ್ಲಮ್ಮನ ಗುಡ್ಡಕ್ಕೆ ಹೋಗುತ್ತಿದ್ದವರು ಈ ಊಟದಲ್ಲೇ ದಿನಗಟ್ಟಲೆ ಕಳೆಯುತ್ತಿದ್ದರು. ಫ್ರಿಜ್ಜಿಗೆ ಹೋಗಬೇಕಾದದ್ದು ಹಾಲು, ಮೊಸರು, ಬೆಣ್ಣೆ, ಹೆಚ್ಚಿದ ಕಾಯಿಪಲ್ಯ, ಸೊಪ್ಪು, ಕೊಯ್ದ ಕಲ್ಲಂಗಡಿ, ತಿನ್ನುವವರಿಗೆ ಮಾಂಸ, ಕುಡಿಯಲು ಒಂದಿಷ್ಟು ತಣ್ಣೀರು. ನಾಲ್ಕು ಜನ, ಎರಡು ರಾತ್ರಿಗೆ 35ರಿಂದ 40 ಲೀಟರ್ ಧಾರಾಳವಾಗಿ ಸಾಕು. ದೊಡ್ಡದು ಕೊಂಡರೆ ಜಾಗ, ತೂಕ, ಕರೆಂಟ್ ಮೂರೂ ಜಾಸ್ತಿ. ಎರಡು ಖಾನೆಯ ಫ್ರಿಜ್ ಬೇಕಾಗುವುದು ಮಾಂಸವನ್ನೋ ಐಸ್‌ಕ್ರೀಮನ್ನೋ ಗಟ್ಟಿಯಾಗಿ ಇಡಬೇಕಾದವರಿಗೆ. ಒಂದು ಖಾನೆ ಮೈನಸ್ 18ರಲ್ಲಿ ನಡೆದರೆ 50ರ ಲೆಕ್ಕ ಪೂರ್ತಿ ತಪ್ಪುತ್ತದೆ.

ತಣ್ಣೀರಿನ ಆಸೆಗೆ ಎಷ್ಟು ಬೆಲೆ ಕೊಡುತ್ತೇವೆ ನೋಡಿ. 35 ಡಿಗ್ರಿಯ 10 ಲೀಟರ್ ನೀರನ್ನು 5 ಡಿಗ್ರಿಗೆ ಇಳಿಸಲು ಸುಮಾರು 350 ವ್ಯಾಟ್-ಅವರ್ ಶಾಖವನ್ನು ಹೊರಗೆ ಹಾಕಬೇಕು. ಅದಕ್ಕೆ ಫ್ರಿಜ್ಜಿಗೆ ಬೇಕಾಗುವ ಕರೆಂಟ್ 250ರಿಂದ 300 ವ್ಯಾಟ್-ಅವರ್. ದಿನದ ಲೆಕ್ಕದಲ್ಲಿ ಹತ್ತಿರ ಹತ್ತಿರ ಅರ್ಧ, ಬರೀ ನೀರಿಗೆ. ಹಾಗಾಗಿ ಹಿಂದಿನ ರಾತ್ರಿಯೇ ಫ್ರಿಜ್ಜನ್ನು ಮನೆಯ ಪ್ಲಗ್ಗಿಗೆ ಹಾಕಿ ತಂಪು ಮಾಡಿ. ನೀರಿನ ಬಾಟಲಿ, ಹಾಲು, ಕಾಯಿಪಲ್ಯ ಎಲ್ಲವನ್ನೂ ಮನೆಯ ಫ್ರಿಜ್ಜಿನಲ್ಲಿ ತಣ್ಣಗೆ ಮಾಡಿ, ಬೆಳಿಗ್ಗೆ ತಣ್ಣಗಿರುವಾಗಲೇ ತುಂಬಿ. ಎರಡು ಬಾಟಲಿ ನೀರನ್ನು ಗಡ್ಡೆ ಕಟ್ಟಿಸಿ ತಳಕ್ಕೆ ಇಟ್ಟರೆ ಇನ್ನೂ ಒಳ್ಳೆಯದು. 1 ಕಿಲೋ ಮಂಜುಗಡ್ಡೆ ಕರಗುವಾಗ 93 ವ್ಯಾಟ್-ಅವರ್ ಶಾಖ ಹೀರುತ್ತದೆ, ಬ್ಯಾಟರಿ ಮುಟ್ಟದೆ. ಕ್ಯಾಂಪಿನಲ್ಲಿ ಕುಡಿಯುವ ನೀರಿಗೆ ಮಣ್ಣಿನ ಹೂಜಿ ಒಯ್ಯಿರಿ. ನಮ್ಮ ಒಣ ಬೇಸಿಗೆಯಲ್ಲಿ ಅದು ಪುಕ್ಕಟೆ ತಂಪು ಕೊಡುತ್ತದೆ.

ಮನೆಯಲ್ಲಿ ಸಕ್ಕರೆ ಕಾಯಿಲೆಯ ಹಿರಿಯರಿದ್ದರೆ ಇನ್ನೊಂದು ಎಚ್ಚರ ಬೇಕು. ಇನ್ನೂ ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಒಮ್ಮೆ ಹೆಪ್ಪುಗಟ್ಟಿದರೆ ಅದನ್ನು ಎಸೆಯಬೇಕು, ಕರಗಿಸಿ ಬಳಸುವ ಹಾಗಿಲ್ಲ. ಪೆಟ್ಟಿಗೆಯಂಥ ಫ್ರಿಜ್ಜಿನಲ್ಲಿ ತಳ ಮತ್ತು ಗೋಡೆಯ ಹತ್ತಿರ ಶೂನ್ಯಕ್ಕೂ ಕೆಳಗೆ ಇಳಿಯುತ್ತದೆ, ಹೊರಗಿನ ಡಿಸ್‌ಪ್ಲೇ 4 ಎಂದು ತೋರಿಸುತ್ತಿರುವಾಗಲೇ. ಇನ್ಸುಲಿನ್ನನ್ನು ಡಬ್ಬಿಯಲ್ಲಿ ಹಾಕಿ, ಬುಟ್ಟಿಯ ಮೇಲ್ಭಾಗದಲ್ಲಿ, ಗೋಡೆಗೆ ತಾಗದಂತೆ ಇಡಿ. ಪಕ್ಕದಲ್ಲಿ ಒಂದು ಚಿಕ್ಕ ಥರ್ಮಾಮೀಟರ್ ಇರಲಿ. ಸೊಪ್ಪಿಗೂ ಸೌತೆಕಾಯಿಗೂ ಅದೇ ಜಾಗ ಸರಿ. ಹಾಲು, ಮಾಂಸ ತಳಕ್ಕೆ ಹೋಗಲಿ.

ಗಾಡಿಯಲ್ಲಿ ಜಾಗದ ವಿಷಯ. ಒಳಗೆ 40 ಲೀಟರ್ ಇರುವ ಫ್ರಿಜ್ ಹೊರಗೆ 100 ಲೀಟರಿಗೂ ಜಾಸ್ತಿ ಜಾಗ ಹಿಡಿಯುತ್ತದೆ, ಗೋಡೆಯ ದಪ್ಪ ಮತ್ತು ಕಂಪ್ರೆಸರ್ ಕಾರಣ. ಜಿಮ್ನಿಯಲ್ಲಿ ನಾಲ್ಕು ಜನ ಕೂತರೆ ಹಿಂದೆ ಉಳಿಯುವುದೇ 200 ಲೀಟರಿನ ಆಸುಪಾಸು. ಅಲ್ಲಿ 20-25 ಲೀಟರಿನ ಫ್ರಿಜ್ ನೋಡಿ. ಥಾರ್ ರಾಕ್ಸ್, ಐದು ಬಾಗಿಲಿನ ಗೂರ್ಖಾ, ಸ್ಕಾರ್ಪಿಯೋ-ಎನ್, ಫಾರ್ಚುನರ್‌ನಂಥವುಗಳಲ್ಲಿ ಹಿಂದಿನ ಸೀಟು ಮಡಚಿದರೆ ತೊಂದರೆ ಇಲ್ಲ. ಕೊಳ್ಳುವ ಮೊದಲು ಅದೇ ಅಳತೆಯ ರಟ್ಟಿನ ಪೆಟ್ಟಿಗೆಯನ್ನು ಡಿಕ್ಕಿಯಲ್ಲಿಟ್ಟು, ಮುಚ್ಚಳ ಪೂರ್ತಿ ತೆರೆಯಲು ಮೇಲೆ ಜಾಗ ಇದೆಯೇ ನೋಡಿ. ಅಡುಗೆ ಮಾಡುವವರನ್ನು ಕರೆದು ನಿಲ್ಲಿಸಿ. ಡಿಕ್ಕಿಯ ಎತ್ತರದ ಮೇಲೆ ಫ್ರಿಜ್ಜಿನ ಎತ್ತರ ಸೇರಿದರೆ, ಕುಳ್ಳಗಿದ್ದವರಿಗೆ ತಳದ ಹಾಲಿನ ಪಾಕೀಟು ಕೈಗೆ ಸಿಗುವುದಿಲ್ಲ. ಹೊರಗೆಳೆಯುವ ಸ್ಲೈಡ್ ಆಮದು ಮಾಡಿದ್ದು ದುಬಾರಿ. ಬೆಳಗಾವಿಯ ಉದ್ಯಮಬಾಗದಂಥ ಕಡೆ ಫ್ಯಾಬ್ರಿಕೇಷನ್ ಮಾಡುವವರ ಹತ್ತಿರ ಅಳತೆ ಕೊಟ್ಟು ಮಾಡಿಸಿಕೊಳ್ಳಬಹುದು.

ತುಂಬಿದ ಫ್ರಿಜ್ 40 ಕಿಲೋ ಮುಟ್ಟುತ್ತದೆ. ಹಿಂದಿನ ಸೀಟಿನಲ್ಲಿ ಮಕ್ಕಳು ಕೂತಿರುತ್ತಾರೆ. ಸುಮ್ನೆ ಹಗ್ಗ ಸುತ್ತಿದರೆ ಸಾಲದು. ಗಾಡಿಯ ನೆಲದ ಕೊಂಡಿಗಳಿಗೆ ರ‍್ಯಾಚೆಟ್ ಪಟ್ಟಿ ಹಾಕಿ ನಾಲ್ಕೂ ಕಡೆ ಬಿಗಿಯಿರಿ. ಇದರಲ್ಲಿ ಮಾತ್ರ ರಾಜಿ ಬೇಡ. ಗಾಳಿ ಜಾಲರಿಯ ಮುಂದೆ ಒಂದು ಗೇಣು ಜಾಗ ಖಾಲಿ ಬಿಡಿ. ಕೌದಿ, ಹಾಸಿಗೆಯ ಸುರುಳಿ ಜಾಲರಿಗೆ ಒತ್ತಿಕೊಂಡರೆ ಬಿಸಿ ಹೊರಗೆ ಹೋಗದೆ ಕಂಪ್ರೆಸರ್ ಒಂದೇ ಸಮನೆ ಓಡುತ್ತದೆ. ಮುಚ್ಚಳದ ಮೇಲೆ ಕೌದಿ ಹೊದಿಸಿದರೆ ಅಡ್ಡಿಯಿಲ್ಲ, ಒಳ್ಳೆಯದೇ. ಎರೆ ಹೊಲದ ದಾರಿಯ ಧೂಳು ಅದೇ ಜಾಲರಿಯಲ್ಲಿ ಕೂರುತ್ತದೆ. ಪ್ರತಿ ಪ್ರವಾಸದ ನಂತರ ಮೆತ್ತನೆ ಬ್ರಷ್ಷಿನಿಂದ ಝಾಡಿಸಿ.

ರಿಪೇರಿಯ ಬಗ್ಗೆ ಕೊಳ್ಳುವಾಗಲೇ ಕೇಳಿ. ಗ್ಯಾಸ್ ಸೋರಿದರೆ ಊರಿನ ಫ್ರಿಜ್ ಮೆಕ್ಯಾನಿಕ್ ನೋಡಿಕೊಳ್ಳಬಲ್ಲರು. 12 ವೋಲ್ಟಿನ ಕಂಟ್ರೋಲ್ ಬೋರ್ಡ್ ಹೋದರೆ ಅದೇ ಬೋರ್ಡ್ ಬೇಕು. ಬೋರ್ಡ್ ಬಿಡಿಯಾಗಿ ಸಿಗುತ್ತದೆಯೇ, ಯಾರು ಕಳಿಸುತ್ತಾರೆ ಎನ್ನುವುದಕ್ಕೆ ಸರಿಯಾದ ಉತ್ತರ ಕೊಡದ ಮಾರಾಟಗಾರರನ್ನು ಬಿಟ್ಟುಬಿಡಿ.

ಎಲ್ಲರಿಗೂ ಫ್ರಿಜ್ ಬೇಕೇ? ಬೇಡ. ನಮ್ಮ ಕಡೆ ಟೆಂಟ್ ಹಾಕಲು ನಿಜವಾದ ಕಾಲ ನವೆಂಬರಿನಿಂದ ಫೆಬ್ರವರಿ. ಖಾನಾಪುರ, ಜಾಂಬೋಟಿ ಕಡೆಯ ಕಾಡಿನಲ್ಲಿ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಉಳಿಯುವಂತಿಲ್ಲ. ಆದ್ದರಿಂದ ಹೆಚ್ಚಿನ ಕುಟುಂಬಗಳು ರಾತ್ರಿ ಉಳಿಯುವುದು ಯಾರದಾದರೂ ತೋಟದಲ್ಲಿ, ಹೋಂಸ್ಟೇಯಲ್ಲಿ. ಚಳಿಗಾಲದಲ್ಲಿ, ವರ್ಷಕ್ಕೆ ಒಂದೆರಡು ಸಲ, ಒಂದು ರಾತ್ರಿಗೆ ಹೋಗುವವರಿಗೆ ದಪ್ಪ ಗೋಡೆಯ ಐಸ್ ಬಾಕ್ಸ್, ನಾಲ್ಕೈದು ಕಿಲೋ ಮಂಜುಗಡ್ಡೆ ಸಾಕು. ಉಳಿದ ದುಡ್ಡಿಗೆ ಒಳ್ಳೆಯ ಟೈರ್ ಹಾಕಿಸಿ. ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗುವವರು, ಎರಡು ರಾತ್ರಿಗಿಂತ ಜಾಸ್ತಿ ಇರುವವರು, ಔಷಧ ಒಯ್ಯುವವರು ಮಾತ್ರ ಕಂಪ್ರೆಸರ್ ಫ್ರಿಜ್ ಬಗ್ಗೆ ಯೋಚಿಸಬೇಕು.

ಕೊಂಡ ಮೇಲೆ ಮೊದಲ ಪರೀಕ್ಷೆ ಮನೆ ಅಂಗಳದಲ್ಲೇ ಆಗಲಿ. ಪೆಟ್ಟಿಗೆ ಅಡ್ಡ ಮಲಗಿ ಬಂದಿದ್ದರೆ ಕೆಲವು ತಾಸು ನೆಟ್ಟಗೆ ನಿಲ್ಲಿಸಿ, ಆಮೇಲೆ ಶುರು ಮಾಡಿ. ಕಂಪ್ರೆಸರಿನ ಎಣ್ಣೆ ಕೆಳಗೆ ಇಳಿಯಬೇಕು. ಗಾಡಿಯಲ್ಲಿಟ್ಟು, ಮುಖ್ಯ ಬ್ಯಾಟರಿಯಾದರೆ ರಕ್ಷಣೆಯನ್ನು ಹೈ ಇಟ್ಟು, 4 ಡಿಗ್ರಿಗೆ ಹೊಂದಿಸಿ, ಅರ್ಧಕ್ಕೂ ಜಾಸ್ತಿ ತುಂಬಿ, ಎಂಜಿನ್ ಶುರು ಮಾಡದೆ ಒಂದು ಹಗಲು ಒಂದು ರಾತ್ರಿ ಓಡಿಸಿ. ಬ್ಯಾಟರಿ ಎಷ್ಟು ಇಳಿಯಿತು, ಒಳಗಿನ ಥರ್ಮಾಮೀಟರ್ ಎಷ್ಟು ತೋರಿಸಿತು ಬರೆದಿಡಿ. ಅಷ್ಟಾದರೆ ನಿಮ್ಮ ಗಾಡಿಗೆ, ನಿಮ್ಮ ವೈರಿಗೆ, ನಿಮ್ಮ ಊರಿನ ಬಿಸಿಲಿಗೆ ಎಷ್ಟು ತಾಸು ಸಿಗುತ್ತದೆ ಅಂತ ಗೊತ್ತಾಗುತ್ತದೆ. ತಿರುಗಾಟ ಮುಗಿಸಿ ಬಂದ ಮೇಲೆ ಒಳಗೆಲ್ಲ ಅಡುಗೆ ಸೋಡಾ ಹಾಕಿದ ನೀರಿನಿಂದ ಒರೆಸಿ, ಒಣಗಿಸಿ, ಮುಚ್ಚಳದ ಸಂದಿಗೆ ಒಂದು ಕಟ್ಟಿಗೆ ಚೂರು ಸಿಕ್ಕಿಸಿ ಸ್ವಲ್ಪ ತೆರೆದಿಡಿ. ಬಿಗಿಯಾಗಿ ಮುಚ್ಚಿಟ್ಟರೆ ಬೂಸಲು ಹಿಡಿಯುತ್ತದೆ, ರಬ್ಬರಿಗೆ ಅಂಟಿದ ಆ ವಾಸನೆ ಬೇಗ ಹೋಗುವುದಿಲ್ಲ.